ಮೊಂತಿ ಹಬ್ಬದ ಪ್ರಬೋಧನೆ: ಮೊದಲು ಶಾಖ, ಆಮೇಲೆ ಹಾಲು



ಒಂಬತ್ತು ದಿನ ನಮ್ಮ ಮಕ್ಕಳು ಬಾಲೆ ಮರಿಯಮ್ಮನವರಿಗೆ ಹೂ ಅರ್ಪಿಸಿದರು. ಇಂದು, ಸೆಪ್ಟೆಂಬರ್ 8ರಂದು, ಆ ಮಾತೆಯ ಜನ್ಮದಿನ. ನಮಗೆ ಹೊಸ ತೆನೆಯ ಹಬ್ಬವೂ ಹೌದು. ಇಂದು ನಮ್ಮ ಬಾಳೆ ಎಲೆಯಲ್ಲಿ ಮೀನು ಮಾಂಸ ಇರುವುದಿಲ್ಲ. ಆದ್ದರಿಂದ ಆಡಿನ ಮರಿಯ ವಿಷಯವನ್ನು ನೆಮ್ಮದಿಯಿಂದ ಮಾತನಾಡಬಹುದು!

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮಳೆಗಾಲದಲ್ಲಿ ಆಡು ಮರಿ ಹಾಕಿದರೆ ಮನೆಯವರಿಗೆ ಸಂತೋಷದ ಜೊತೆಗೆ ಆತಂಕ. ಅವಳಿ ಮರಿಗಳಲ್ಲಿ ಒಂದು ಎದ್ದು ಕೆಚ್ಚಲು ಹುಡುಕುತ್ತದೆ. ಇನ್ನೊಂದು ಹಟ್ಟಿಯ ಒದ್ದೆ ನೆಲದಲ್ಲಿ ಬಿದ್ದುಕೊಂಡಿರುತ್ತದೆ. “ಅದು ಉಳಿಯುವುದಿಲ್ಲ, ಬಿಡಿ” ಎಂದು ಯಾರಾದರೂ ಹೇಳಿಬಿಡುತ್ತಾರೆ. ಎರಡು ಆಡು ಸಾಕಿ ಮಕ್ಕಳ ಪುಸ್ತಕದ ಖರ್ಚು ನಿಭಾಯಿಸುವ ತಾಯಿಗೆ ಆ “ಬಿಡಿ” ಸಣ್ಣ ಮಾತಲ್ಲ.

ಕುರಿ ಬಲಕ್ಕೆ, ಆಡು ಎಡಕ್ಕೆ ಎಂಬ ಮತ್ತಾಯರ ಶುಭಸಂದೇಶ ನೆನಪಾಗಿ ಕೆಲವರು ನಗಬಹುದು. ಆದರೆ ವಿಮೋಚನಾಕಾಂಡದ 12ನೇ ಅಧ್ಯಾಯ ತೆರೆದು ನೋಡಿ: ಪಾಸ್ಖದ ಮರಿಯನ್ನು ಕುರಿಗಳಿಂದಲೂ ಆಡುಗಳಿಂದಲೂ ಆರಿಸಬಹುದಿತ್ತು. ಇನ್ನು ಪ್ರವಾದಿ ಯೆಶಾಯರ 40ನೇ ಅಧ್ಯಾಯದ ಕುರಿಗಾಹಿ ಮರಿಗಳನ್ನು ಎದೆಗಪ್ಪಿಕೊಂಡು ಹೊರುತ್ತಾನೆ. ಎದೆಗೇ ಏಕೆ? ಎಳೆಯ ಮರಿಗೆ ಮೊದಲು ಬೇಕಾದದ್ದು ಮೈಶಾಖ.

ನಾವು ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಮರಿ ಸೋತಿದೆ ಎಂದು ಕಂಡ ಕೂಡಲೇ ಬಾಯಿಗೆ ಹಾಲು ಸುರಿಯುತ್ತೇವೆ. ಇದು ಅವಸರದ ದಯೆ. ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದು, ಬೆರಳನ್ನು ಚೀಪದಿದ್ದರೆ ಹಾಲು ಹಾಕಬೇಡಿ. ಮೈಶಾಖ 37 ಡಿಗ್ರಿಗಿಂತ ಇಳಿದ ಮರಿಗೆ ಹಾಲು ಅರಗುವುದಿಲ್ಲ. ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾಗಬಹುದು. ಹಳೆ ಬಟ್ಟೆಯಿಂದ ಮೈ ಒರೆಸಿ ಒಣಗಿಸಿ, ಗೋಣಿಯಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಡಿ. ಬಚ್ಚಲ ಒಲೆಯ ಹತ್ತಿರವೂ ಆದೀತು, ಹೊಗೆ ಮಾತ್ರ ತಾಗಬಾರದು. ಹಲವು ಗಂಟೆ ಹಾಲಿಲ್ಲದೆ ತಣ್ಣಗೆ ಬಿದ್ದಿದ್ದ ಮರಿಗೆ ಗ್ಲೂಕೋಸ್ ಕೂಡ ಬೇಕಾಗುತ್ತದೆ. ಅದು ಪಶುವೈದ್ಯರ ಕೆಲಸ. 1962ಕ್ಕೆ ಕರೆ ಮಾಡಿ.

ಸೋತು ಮನೆಗೆ ಬಂದ ಮಗನಿಗೂ ನಾವು ಹೀಗೆಯೇ ಮಾಡುತ್ತೇವಲ್ಲವೇ? ಮನಸ್ಸು ಬೆಚ್ಚಗಾಗುವ ಮುನ್ನವೇ ಬುದ್ಧಿಮಾತು ಸುರಿಯುತ್ತೇವೆ. ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯದಲ್ಲಿ ಪೇತ್ರರು ನೀರಿಗೆ ಧುಮುಕಿ ದಡಕ್ಕೆ ಬರುತ್ತಾರೆ. ಪ್ರಭುವನ್ನು ಮೂರು ಸಲ ನಿರಾಕರಿಸಿದ್ದ ಪೇತ್ರರು! ದಡದಲ್ಲಿ ಕೆಂಡದ ಬೆಂಕಿ ಸಿದ್ಧವಿತ್ತು, ಮೀನು ರೊಟ್ಟಿಯೂ ಇತ್ತು. ಊಟ ಮುಗಿದ ಮೇಲೆಯೇ ಯೇಸು ಅವರನ್ನು ಪ್ರಶ್ನಿಸಿದ್ದು. ಅಲ್ಲಿ ಪೇತ್ರರಿಗೆ ಮೊದಲು ಒಪ್ಪಿಸಿದ್ದು ಮರಿಗಳನ್ನು, ಕುರಿಗಳ ಮಾತು ನಂತರ ಬಂತು.

ಮರಿ ಬೆಚ್ಚಗಾಗಿ ಬೆರಳು ಚೀಪತೊಡಗಿದರೆ ಗಿಣ್ಣು ಹಾಲು ಕೊಡಿ, ತಡ ಮಾಡಬೇಡಿ. ರೋಗ ತಡೆಯುವ ಶಕ್ತಿ ಆಡಿನ ಗರ್ಭದಲ್ಲಿ ಮರಿಗೆ ದಾಟುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಮೊದಲ 6 ಗಂಟೆಗಳಲ್ಲಿ ಕರುಳು ಅದನ್ನು ಚೆನ್ನಾಗಿ ಹೀರುತ್ತದೆ. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿದಂತೆಯೇ. ಒಂದೂವರೆ ಕಿಲೋ ಮರಿಗೆ ಮೊದಲ ದಿನ ಕನಿಷ್ಠ 150 ಮಿಲಿಲೀಟರ್, ಸ್ವಲ್ಪ ಸ್ವಲ್ಪವಾಗಿ. ತಾಯಿಯಲ್ಲಿ ಹಾಲಿಲ್ಲದಿದ್ದರೆ ಆಗತಾನೇ ಮರಿ ಹಾಕಿದ ನೆರೆಮನೆಯ ಆಡಿನ ಗಿಣ್ಣು ಕೇಳಿ ತನ್ನಿ. ಕೇಳಲು ಸಂಕೋಚ ಬೇಡ.

ಬಲಿಪೂಜೆಯ ನಂತರ ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ಯುವಿರಿ. ಹಟ್ಟಿಯಲ್ಲಿ ಗಬ್ಬದ ಆಡು ಇದ್ದರೆ ಒಣ ಗೋಣಿ, ಬೈಹುಲ್ಲು, ಹೊಕ್ಕುಳಿಗೆ ಹಚ್ಚಲು ಟಿಂಕ್ಚರ್ ಅಯೋಡಿನ್ ಇವನ್ನೂ ಇಂದೇ ತೆಗೆದಿಡಿ.