ಚರಗಕ್ಕೆ ಚರಗವೆಂದೇ ಬರೆಯಿರಿ!

(ಬಸವನ ಬಾಗೇವಾಡಿಯಲ್ಲಿ ಹೊಸದಾಗಿ ಬರೆಯುತ್ತಿರುವವರ ಮುಂದೆ ಆಡಿದ ಮಾತಿನ ಬರಹರೂಪ)

ಬರೆಯುವ ಹುಚ್ಚು ಹಿಡಿಸಿಕೊಂಡು ಇಲ್ಲಿಗೆ ಬಂದಿರುವ ತಮ್ಮಂದಿರೇ, ತಂಗಿಯರೇ,

ನಿಮ್ಮೆಲ್ಲರ ಮನೆಯಲ್ಲೂ ಒಂದು ಮಾತು ಬಂದೇ ಇರುತ್ತದೆ. "ಬರದು ಬರದು ಏನ್ ಗಂಟ್ ಕಟ್ಟತೀಯೋ ಯಪ್ಪಾ? ಅದರಿಂದ ಹೊಟ್ಟಿಗಿ ಹಿಟ್ಟು ಬರ್ತೈತೇನು?" ಈ ಮಾತಿಗೆ ಸಿಟ್ಟಾಗಬೇಡಿ. ಕೇಳುವವರು ಮಳೆ ನಂಬಿ ಬಿತ್ತಿದವರು. ಮಳೆ ಕೈಕೊಟ್ಟ ವರ್ಷ ಮಕ್ಕಳು ಮರಿ ಕಟ್ಟಿಕೊಂಡು ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿ ಬಂದವರು. ಅವರ ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ನೇರವಾಗಿದೆ: ಬರುವುದಿಲ್ಲ! ಕಥೆ ಕವಿತೆ ಬರೆದು ಮನೆ ನಡೆಸಿದವರು ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಹಾಗಾದರೆ ದುಡಿಯಲೂ ಬೇಕು, ಬರೆಯಲೂ ಬೇಕು. ಯಾವಾಗ?

ಇದಕ್ಕೆ ಉತ್ತರ ಹುಡುಕಲು ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲೇ, ಇಂಡಿ ಸೀಮೆಯಲ್ಲಿ ಹಲಸಂಗಿ ಇದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ನಾಲ್ವರು ಗೆಳೆಯರು. ಆಗ ನಾವು ಮುಂಬಯಿ ಸರಕಾರದ ಕೈಯಲ್ಲಿದ್ದೆವು. ಆಚೆಗೆ ಸೊಲ್ಲಾಪುರ, ಸುತ್ತ ಮರಾಠಿಯ ಗಾಳಿ. ಕಾಲೇಜಿಲ್ಲ, ದೊಡ್ಡ ಪ್ರಕಾಶಕರಿಲ್ಲ. ಇವರು ಮಾಡಿದ್ದೇನು? ತಮ್ಮ ಊರಿನ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡಿದ್ದನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಯಿತು. ಆಮೇಲೆ ಲಾವಣಿಗಳ 'ಜೀವನ ಸಂಗೀತ' ಬಂತು.

ಆ ಕೆಲಸ ಹೇಗಿದ್ದೀತು, ಸ್ವಲ್ಪ ಯೋಚಿಸಿ ನೋಡಿ. ಬೀಸುವುದು ನಸುಕಿನಲ್ಲಿ. ಕಲ್ಲು ತಿರುಗುವಾಗಲೇ ಹಾಡು ಬರುವುದು, ಕೈ ನಿಂತರೆ ಹಾಡೂ ನಿಲ್ಲುತ್ತದೆ. "ಇನ್ನೊಮ್ಮೆ ಹೇಳಬೇ ಯವ್ವಾ" ಅಂದರೆ ನಾಚಿಕೆಯಿಂದ ಬಾಯಿ ಕಟ್ಟುತ್ತದೆ, ಇಲ್ಲವೇ ನುಡಿ ಬದಲಾಗುತ್ತದೆ. ನಿಮ್ಮ ಕಿಸೆಯಲ್ಲಿರುವಂಥ ಮೊಬೈಲು ಅವರಲ್ಲಿರಲಿಲ್ಲ. ಕಿವಿ, ನೆನಪು, ಪೆನ್ಸಿಲು, ಅಷ್ಟೇ! ಸಿಂಪಿ ಲಿಂಗಣ್ಣನವರು ಕನ್ನಡ ಸಾಲಿಯ ಮಾಸ್ತರರು. ಹಗಲು ಮಕ್ಕಳಿಗೆ ಪಾಠ ಹೇಳಿ ಉಳಿದ ಹೊತ್ತಿನಲ್ಲಿ ಬರೆದವರು. 1993ರಲ್ಲಿ ಕೊಪ್ಪಳದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರದು ಇನ್ನೂ ಕಠಿಣ ದಾರಿ. ಮನೆಮನೆ, ಮಠಮಠ ತಿರುಗಿ ತಾಡೋಲೆ ಕೂಡಿಸಿದರು. ಅಚ್ಚು ಹಾಕಲು ಇದ್ದ ಮನೆ ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತಂದರು. ಈ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮಾತು ಇಂದು ಅಚ್ಚಿನಲ್ಲಿ ನಮ್ಮ ಕೈಗೆ ಸಿಗುತ್ತಿರುವುದಕ್ಕೆ ಆ ಮನುಷ್ಯನ ದುಡಿಮೆ ದೊಡ್ಡ ಕಾರಣ. (ಮನೆ ಮಾರಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ನಿಮ್ಮಪ್ಪಂದಿರು ಬಡಿಗೆ ಹಿಡಿದು ನನ್ನನ್ನು ಹುಡುಕಿಕೊಂಡು ಬಂದಾರು!)

ದೂರದ ಪ್ರಾಗ್ ನಗರದ ಕಾಫ್ಕಾ ಕೂಡ ಹಗಲು ವಿಮಾ ಕಚೇರಿಯಲ್ಲಿ ದುಡಿದು ರಾತ್ರಿ ಬರೆದವನೇ. ಎಲ್ಲ ಕಡೆಯ ಹಣೆಬರಹ ಒಂದೇ.

ನಾನು ಮಾಡುವುದು ಹೇಳುತ್ತೇನೆ. ನಸುಕಿನ ಐದರಿಂದ ಆರೂವರೆ ನನ್ನದು. ಕರೆಂಟು ಇದ್ದರೂ ಸರಿ, ಹೋದರೂ ಸರಿ. ಬರೆಯಲು ಏನೂ ತೋಚದ ದಿನ ಹಿಂದಿನ ದಿನ ಕಿವಿಗೆ ಬಿದ್ದ ಎರಡು ಮಾತು ಬರೆದಿಡುತ್ತೇನೆ. ಸಂತೆಯಲ್ಲಿ ಜಗಳಾಡಿದ ಮುದುಕಿಯದ್ದು, ಬಸ್ಸಿನ ಕಂಡಕ್ಟರನದ್ದು. ಈ ನೋಟುಬುಕ್ಕು ಇಲ್ಲದಿದ್ದರೆ ನನ್ನ ಒಂದು ಕಥೆಯೂ ಹುಟ್ಟುತ್ತಿರಲಿಲ್ಲ.

ತಂಗಿಯರ ಕಷ್ಟ ಬೇರೆ. ನಸುಕಿನ ಐದು ನನಗೆ ಬರೆಯುವ ಹೊತ್ತು. ನಿಮಗೆ ಕಸ ಹೊಡೆಯುವ, ನೀರು ತುಂಬುವ, ರೊಟ್ಟಿ ಬಡಿಯುವ ಹೊತ್ತು. ಬೀಸುಕಲ್ಲಿನ ಅವ್ವನ ಮೊಮ್ಮಗಳ ಕೈಗೆ ಪೆನ್ನು ಬಂದಿದೆ, ಹೊತ್ತು ಇನ್ನೂ ಬಂದಿಲ್ಲ. ಅಣ್ಣತಮ್ಮಂದಿರೇ, ಮನೆಯಲ್ಲಿ ತಂಗಿ ಬರೆಯುತ್ತಿದ್ದರೆ ಒಂದು ಕೊಡ ನೀರು ನೀವು ತನ್ನಿ. ಇದೂ ಕನ್ನಡದ ಕೆಲಸವೇ!

ಈಗ ಮುಖ್ಯ ಮಾತಿಗೆ ಬರುತ್ತೇನೆ. ನನ್ನದೊಂದು ಕಥೆ ಒಂದು ವಾರಪತ್ರಿಕೆಯಲ್ಲಿ ಬಂತು. ಅದರಲ್ಲಿ ಎಳ್ಳಮಾವಾಸ್ಯೆ ಇತ್ತು. "ಅಪ್ಪ ಚರಗ ಚೆಲ್ಲಿದ" ಎಂದು ಬರೆದಿದ್ದೆ. ಅಚ್ಚಿನಲ್ಲಿ ಬಂದದ್ದು: "ತಂದೆಯವರು ಪೂಜೆ ನೆರವೇರಿಸಿದರು." ಯಾರ ತಂದೆಯವರು ಇವರು? ನಮ್ಮಪ್ಪನಂತೂ ಅಲ್ಲ!

ಚರಗವೆಂದರೆ ಬರೀ ಪೂಜೆಯೇ? ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಕೈಮುಗಿದು, ಸಜ್ಜಿ ಕಡಬು, ಬಜ್ಜಿ ಪಲ್ಯ, ಅನ್ನ ಎಲ್ಲ ಕಲಸಿ, ಕೂಗುತ್ತ ಹೊಲದ ತುಂಬ ನಡೆದು ಬೆಳೆಯ ಮೇಲೆ ಎರಚುವುದು. ಭೂಮಿತಾಯಿಗೆ ಮೊದಲ ತುತ್ತು, ಆಮೇಲೆ ನಮಗೆ. ಇಷ್ಟೆಲ್ಲ ಮೂರು ಅಕ್ಷರದಲ್ಲಿದೆ. ಅದನ್ನು ಅಳಿಸಿದರೆ ಹೊಲವೇ ಅಳಿಸಿತು.

ಓದುಗರಿಗೆ ತಿಳಿಯುವುದಿಲ್ಲ ಎನ್ನುತ್ತಾರೆ. ಕುವೆಂಪು ಅವರ ಕಾದಂಬರಿಗಳಿಂದ ನಾವು ಮಲೆನಾಡಿನ ಮಾತು ಕಲಿಯಲಿಲ್ಲವೇ? ಕಾರಂತರಿಂದ ಕರಾವಳಿಯ ಬದುಕು ತಿಳಿಯಲಿಲ್ಲವೇ? ಮಳೆಯೇ ಕಾಣದ ಊರಲ್ಲಿ ಕೂತು ಅಡಿಕೆ ತೋಟದ ಕೆಲಸವೆಲ್ಲ ಓದಿ ತಿಳಿದವರು ನಾವು! ಹಾಗಾದರೆ ನಮ್ಮ ಚರಗ, ನಮ್ಮ ಹಂತಿ, ನಮ್ಮ ಎರೆಹೊಲ ಅವರೂ ಕಲಿಯಲಿ. ಇದು ಹೊಸ ಬೇಡಿಕೆಯೂ ಅಲ್ಲ. 1957ರಲ್ಲೇ ರಾವಬಹಾದ್ದೂರರು 'ಗ್ರಾಮಾಯಣ'ದಲ್ಲಿ ನಮ್ಮ ಕಡೆಯ ಹಳ್ಳಿಯ ಮಾತನ್ನು ನಾಡಿನ ಮುಂದಿಟ್ಟಿದ್ದಾರೆ.

ಒಂದು ಎಚ್ಚರಿಕೆ. ಒತ್ತಕ್ಷರ ತಪ್ಪಿ ಬರೆದು "ಇದು ನಮ್ಮ ಭಾಷೆ" ಎಂದು ವಾದಿಸಬೇಡಿ. ಕಾಗುಣಿತ ತಿದ್ದಿದರೆ ಉಪಕಾರವೆನ್ನಿ. ಕಥೆ ಸಡಿಲವಾಗಿದೆ ಎಂದರೆ ಮತ್ತೆ ಬರೆಯಿರಿ. ಶಬ್ದ ತಿದ್ದಿದರೆ ಮಾತ್ರ ಕೇಳಿ. ನಾನು ಆ ಸಂಪಾದಕರಿಗೆ ಒಂದು ಕಾರ್ಡು ಬರೆದು ಚರಗ ಅಂದರೇನೆಂದು ತಿಳಿಸಿದೆ. ಉತ್ತರ ಬರಲಿಲ್ಲ. ಮುಂದಿನ ಕಥೆಯಲ್ಲಿ ಮತ್ತೆ ಚರಗ ಬರೆದು ಅಲ್ಲಿಗೇ ಕಳಿಸಿದೆ. ಆ ಸಲ ಹಾಗೇ ಅಚ್ಚಾಯಿತು!

ನನ್ನ ಮಾತು ಸಾಕು. ನೋಟುಬುಕ್ಕು ತೆಗೆಯಿರಿ, ತಂದದ್ದನ್ನು ಓದೋಣ. ಬಾಗಿಲ ಹತ್ತಿರ ಕೂತ ತಂಗಿ, ನೀನೇ ಮೊದಲು ಓದವ್ವಾ. ಸ್ವಲ್ಪ ಜೋರಾಗಿ, ಹಿಂದಿನವರಿಗೂ ಕೇಳಲಿ.