ಸಿಡಿಯದ ಟಾರ್ಪೆಡೊ



ಜಲಾಂತರ್ಗಾಮಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಬಹುಶಃ ಸಿನಿಮಾದ ದೃಶ್ಯ. ಪೆರಿಸ್ಕೋಪಿನಲ್ಲಿ ಶತ್ರುಹಡಗು, ಕ್ಯಾಪ್ಟನ್ನನ ಆಜ್ಞೆ, ಮರುಕ್ಷಣವೇ ಸ್ಫೋಟ. ಇಂದು ನಾನು ಹೇಳಹೊರಟಿರುವುದು ಸ್ಫೋಟವೇ ಆಗದ ಒಂದು ಪ್ರಸಂಗ. ಭೌತಶಾಸ್ತ್ರ ಓದುತ್ತಿರುವವರು ಪೆನ್ಸಿಲ್ ಕಾಗದ ಹತ್ತಿರ ಇಟ್ಟುಕೊಳ್ಳಿ.

1943ರ ಜುಲೈ 24. ಪೆಸಿಫಿಕ್ ಸಾಗರದಲ್ಲಿ ಟ್ರಕ್ ದ್ವೀಪಗಳ ಪಶ್ಚಿಮಕ್ಕೆ ಅಮೆರಿಕದ 'ಟಿನೋಸಾ' ಎಂಬ ಜಲಾಂತರ್ಗಾಮಿ ಗಸ್ತು ತಿರುಗುತ್ತಿತ್ತು. ಅದರ ಕ್ಯಾಪ್ಟನ್ ಡ್ಯಾಸ್‌ಪಿಟ್. ಅವರಿಗೆ ಎದುರಾದದ್ದು ಜಪಾನಿನ 'ಟೋನಾನ್ ಮಾರು ನಂ. 3', ಸುಮಾರು 19,000 ಟನ್ನಿನ ಭಾರೀ ಹಡಗು. ಮೂಲತಃ ತಿಮಿಂಗಿಲ ಬೇಟೆಯ ಹಡಗಾದ ಅದನ್ನು ಯುದ್ಧಕಾಲದಲ್ಲಿ ತೈಲ ಸಾಗಿಸಲು ಬಳಸುತ್ತಿದ್ದರು. ಡ್ಯಾಸ್‌ಪಿಟ್ ಮೊದಲು ನಾಲ್ಕು ಟಾರ್ಪೆಡೊ ಬಿಟ್ಟರು, ಫಲವಿಲ್ಲ. ಆಮೇಲೆ ಹಿಂದಿನಿಂದ, ಓರೆಯಾದ ಅನನುಕೂಲ ಕೋನದಲ್ಲಿ ಎರಡು ಬಿಟ್ಟರು. ಅವೆರಡೂ ಸಿಡಿದು ಹಡಗು ನಿಂತುಹೋಯಿತು. ಇನ್ನೇನು, ನಿಂತ ಗುರಿ! ಪಕ್ಕಕ್ಕೆ ಬಂದು, ನೆಟ್ಟಗೆ 90 ಡಿಗ್ರಿ ಕೋನದಲ್ಲಿ, ನಿಧಾನವಾಗಿ ಅಳೆದು ಅಳೆದು ಒಂದೊಂದಾಗಿ ಹೊಡೆಯತೊಡಗಿದರು. ಟಾರ್ಪೆಡೊ ಬಡಿಯುತ್ತಿತ್ತು, ನೀರು ಚಿಮ್ಮುತ್ತಿತ್ತು, ಅಷ್ಟೇ. ಒಟ್ಟು 15 ಖರ್ಚಾದವು. ಉಳಿದ ಒಂದನ್ನು ಅವರು ಹಾರಿಸಲಿಲ್ಲ. ಪರೀಕ್ಷೆಗೆಂದು ಹವಾಯಿಯ ಪರ್ಲ್ ಹಾರ್ಬರ್‌ಗೆ ಹೊತ್ತು ತಂದರು. ನನ್ನ ದೃಷ್ಟಿಯಲ್ಲಿ ಆ ದಿನದ ದೊಡ್ಡ ಸಾಹಸ ಇದೇ.

ಗಸ್ತು ಎಂದರೆ ಏನೆಂದು ತಿಳಿಯದೆ ಈ ನಿರಾಶೆಯ ಆಳ ತಿಳಿಯುವುದಿಲ್ಲ. ನೆಲೆಯಿಂದ ಸಾವಿರಾರು ಕಿಲೋಮೀಟರ್ ದೂರ, ಹಲವು ವಾರಗಳ ಯಾನ. ಶತ್ರುವಿನ ನೀರಿನಲ್ಲಿ ಹಗಲೆಲ್ಲ ಮುಳುಗಿದ್ದು, ರಾತ್ರಿ ಮೇಲಕ್ಕೆ ಬಂದು ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಬೇಕು. ಒಳಗೆ ಹೆಚ್ಚುಕಡಿಮೆ 80 ಜನ. ಅವರ ಬಳಿ ಇರುವುದು 24 ಟಾರ್ಪೆಡೊ. ಆ ಮಾದರಿಯ ಟಾರ್ಪೆಡೊ ನೀರಿನಲ್ಲಿ ಗುಳ್ಳೆಗಳ ಗೆರೆ ಎಳೆಯುತ್ತ ಹೋಗುತ್ತದೆ. ಸಿಡಿಯದೆ ಹೋದರೆ ಆ ಗೆರೆಯೇ ಬೆಂಗಾವಲು ಹಡಗುಗಳಿಗೆ ವಿಳಾಸ ಹೇಳಿಕೊಡುತ್ತದೆ. ಆಮೇಲೆ ಮೇಲಿನಿಂದ ಬೀಳುವುದು ಡೆಪ್ತ್ ಚಾರ್ಜ್‌ಗಳು.

ದೂರುಗಳು ಯುದ್ಧದ ಮೊದಲ ತಿಂಗಳಿನಿಂದಲೇ, ಅಂದರೆ 1941ರ ಡಿಸೆಂಬರಿನಿಂದಲೇ ಬರುತ್ತಿದ್ದವು. ವಾಷಿಂಗ್ಟನ್ನಿನ ಶಸ್ತ್ರಾಸ್ತ್ರ ಇಲಾಖೆಯ ಉತ್ತರ ಒಂದೇ: ಟಾರ್ಪೆಡೊ ಸರಿಯಾಗಿದೆ, ನಿಮ್ಮ ಗುರಿ ಸರಿಯಿಲ್ಲ. 'ಮಾರ್ಕ್ 14' ಎಂಬ ಈ ಟಾರ್ಪೆಡೊ ಒಂದಕ್ಕೆ ಸುಮಾರು 10,000 ಡಾಲರ್ ಬೆಲೆ. ಅಷ್ಟು ದುಬಾರಿ ವಸ್ತುವನ್ನು ನಿಜವಾಗಿ ಸಿಡಿಸಿ ನೋಡಲು ಶಾಂತಿಕಾಲದಲ್ಲಿ ಯಾರಿಗೂ ಮನಸ್ಸು ಬಂದಿರಲಿಲ್ಲ. ಸಿಡಿತಲೆಗೆ ಬದಲು ಹಗುರವಾದ ಅಭ್ಯಾಸದ ತಲೆ ಕೂರಿಸಿ ಓಡಿಸಿ, ಮತ್ತೆ ಹಿಡಿದು ತರುತ್ತಿದ್ದರು.

ದೋಷ ಒಂದಲ್ಲ, ಮೂರು. ಈರುಳ್ಳಿ ಸಿಪ್ಪೆಯಂತೆ ಒಂದರ ಕೆಳಗೊಂದು. 1942ರ ಜೂನ್‌ನಲ್ಲಿ ಅಡ್ಮಿರಲ್ ಲಾಕ್‌ವುಡ್ ಆಸ್ಟ್ರೇಲಿಯಾದ ಆಲ್ಬನಿ ಬಳಿ ಸಮುದ್ರದಲ್ಲಿ ಮೀನುಬಲೆ ಇಳಿಬಿಟ್ಟು ಅದರ ಮೂಲಕ ಟಾರ್ಪೆಡೊ ಹಾಯಿಸಿದರು. ಬಲೆಯಲ್ಲಾದ ತೂತನ್ನು ಅಳೆದಾಗ ಗೊತ್ತಾಯಿತು: ಅದು ನಿಗದಿಗಿಂತ ಸುಮಾರು 10 ಅಡಿ ಆಳದಲ್ಲಿ ಓಡುತ್ತಿದೆ, ಹಡಗಿನ ಕೆಳಗೇ ನುಸುಳಿಹೋಗುತ್ತಿದೆ. ಎರಡನೆಯದು, ಹಡಗಿನ ಉಕ್ಕಿನ ಕಾಂತಕ್ಷೇತ್ರವನ್ನು ಗ್ರಹಿಸಿ ಸಿಡಿಯಬೇಕಾದ ಸಾಧನ. ಅದು ಎಷ್ಟೋ ಸಲ ಹಡಗು ಮುಟ್ಟುವ ಮೊದಲೇ ಸಿಡಿಯುತ್ತಿತ್ತು. ಅದನ್ನು ಕಳಚಿಡಲು ಅಡ್ಮಿರಲ್ ನಿಮಿಟ್ಜ್ 1943ರ ಜೂನ್ 24ರಂದು ಆಜ್ಞೆ ಮಾಡಿದರು. ಟಿನೋಸಾದ ಪ್ರಸಂಗ ನಡೆದದ್ದು ಸರಿಯಾಗಿ ಒಂದು ತಿಂಗಳ ನಂತರ. ಆಗ ಮೂರನೆಯ ದೋಷ ಬಯಲಾಯಿತು.

ಆ ಹೊತ್ತಿಗೆ ಲಾಕ್‌ವುಡ್ ಪರ್ಲ್ ಹಾರ್ಬರ್‌ನಲ್ಲಿದ್ದರು. ಆಗಸ್ಟ್ 31ರಂದು ಹವಾಯಿಯ ಕಹೊಲಾವೆ ದ್ವೀಪದ ಬಂಡೆಗೆ ನಿಜವಾದ ಟಾರ್ಪೆಡೊಗಳನ್ನೇ ಹೊಡೆಸಿದರು. ಎರಡು ಸಿಡಿದವು, ಮೂರನೆಯದು ಸಿಡಿಯಲಿಲ್ಲ. ಮುಳುಗುಗಾರರು ಅದನ್ನು ಹುಡುಕಿ ಮೇಲೆತ್ತಿದರು. ಸಿಡಿಮದ್ದು ತುಂಬಿದ ಟಾರ್ಪೆಡೊ ಅದು. ಆ ಕೆಲಸ ಎಂಥದ್ದೆಂದು ಊಹಿಸಿಕೊಳ್ಳಿ. ನಂತರ ಸಿಡಿಮದ್ದು ತೆಗೆದ ತಲೆಗಳನ್ನು ಕ್ರೇನಿನಿಂದ 90 ಅಡಿ ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬೀಳಿಸಿ ನೋಡಿದರು. 90 ಅಡಿಯೇ ಏಕೆ? ಅಂದರೆ ಸುಮಾರು 27 ಮೀಟರ್. ನಿಮಗೆ ಗೊತ್ತಿರುವ ಸೂತ್ರ ಹಾಕಿ: ವೇಗದ ವರ್ಗ ಎಂದರೆ ಎರಡು, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ. ಸೆಕೆಂಡಿಗೆ 23 ಮೀಟರ್ ಬರುತ್ತದೆ. ಮಾರ್ಕ್ 14ರ ವೇಗ 46 ನಾಟ್, ಅದೂ ಹೆಚ್ಚುಕಡಿಮೆ ಅಷ್ಟೇ.

ನೆಟ್ಟಗೆ ಬಿದ್ದ ಹತ್ತರಲ್ಲಿ ಏಳು ಕೆಲಸ ಮಾಡಲಿಲ್ಲ. ಕಾರಣ ಒಂದು ಪುಟ್ಟ ಮೊಳೆ. ಡಿಕ್ಕಿಯಾದಾಗ ಈ ಮೊಳೆ ಮೇಲಕ್ಕೆ ಜಿಗಿದು, ದೀಪಾವಳಿಯ ಕೇಪಿನಂಥ ಸಣ್ಣ ಸಿಡಿಮದ್ದನ್ನು ಹೊಡೆಯಬೇಕು. ಆದರೆ ಬಸ್ಸು ಗಕ್ಕನೆ ನಿಂತರೆ ನಿಂತಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ? ಹಾಗೆ ಮೊಳೆಯೂ ಮುಂದಕ್ಕೆ ಒತ್ತರಿಸಿ, ತಾನು ಜಾರಬೇಕಾದ ದಾರಿಯ ಅಂಚಿಗೇ ಅಂಟಿಕೊಳ್ಳುತ್ತಿತ್ತು. ಆ ಕ್ಷಣದ ಒತ್ತಡ ಗುರುತ್ವದ ಸುಮಾರು 500 ಪಟ್ಟು. ಘರ್ಷಣೆ ಹೆಚ್ಚಾಗಿ ಮೊಳೆಯ ಓಟ ಕುಂದುತ್ತಿತ್ತು. ಓರೆಯಾಗಿ ತಗುಲಿದರೆ ಆಘಾತ ಕಡಿಮೆ, ಮೊಳೆ ಸಲೀಸಾಗಿ ಜಾರುತ್ತಿತ್ತು. ಅಂದರೆ ಶಾಲೆಯಲ್ಲಿ ಕಲಿಸಿದಂತೆ ಅಚ್ಚುಕಟ್ಟಾಗಿ ಹೊಡೆದ ಕ್ಯಾಪ್ಟನ್ನನ ಟಾರ್ಪೆಡೊ ಠುಸ್ಸೆಂದಿತು, ವಾರೆಕೋರೆ ಹೊಡೆದವನದು ಸಿಡಿಯಿತು! 'ನಿಮ್ಮ ಗುರಿ ಸರಿಯಿಲ್ಲ' ಎಂಬ ಮಾತನ್ನು ಈಗ ಮತ್ತೊಮ್ಮೆ ಓದಿ.

ಪರಿಹಾರವೂ ಸರಳ: ಮೊಳೆಯ ತೂಕ ಇಳಿಸಿದರು. ತೂಕ ಇಳಿದರೆ ಅಂಚಿಗೆ ಒತ್ತುವ ಬಲ ಇಳಿಯುತ್ತದೆ, ಘರ್ಷಣೆಯೂ ಇಳಿಯುತ್ತದೆ. ಹಗುರವಾದ ಗಟ್ಟಿ ಲೋಹ ಸಿಕ್ಕಿದ್ದು, ಪರ್ಲ್ ಹಾರ್ಬರ್ ದಾಳಿಯಲ್ಲಿ ಉರುಳಿದ್ದ ಜಪಾನಿ ವಿಮಾನಗಳ ಪ್ರೊಪೆಲ್ಲರುಗಳಿಂದ. ಸೆಪ್ಟೆಂಬರ್ ಕೊನೆಗೆ ಹೊಸ ಮೊಳೆಯ ಟಾರ್ಪೆಡೊಗಳು ಸಮುದ್ರಕ್ಕಿಳಿದವು. ಯುದ್ಧ ಶುರುವಾಗಿ 21 ತಿಂಗಳು ಕಳೆದಿತ್ತು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ನಾನು ಬಿ.ಎಸ್ಸಿ. ಓದುವಾಗ ಲೋಲಕದ ಪ್ರಯೋಗದಲ್ಲಿ ಉತ್ತರ 9.8 ಬರದಿದ್ದರೆ ವಾಚನಗಳನ್ನೇ ತಿದ್ದಿ ರೆಕಾರ್ಡ್ ಬರೆಯುತ್ತಿದ್ದೆವು. ಒಳ್ಳೆಯ ಅಂಕವೂ ಬರುತ್ತಿತ್ತು. ಈ ಕಾರ್ಯಕ್ರಮಕ್ಕಾಗಿ ಓದುತ್ತಿದ್ದಾಗ ಆ ರೆಕಾರ್ಡ್ ಪುಸ್ತಕ ಪದೇ ಪದೇ ನೆನಪಾಯಿತು.

ಯುದ್ಧದಲ್ಲಿ ಮುಳುಗಿದ ಜಪಾನಿನ ವ್ಯಾಪಾರಿ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದ ಜಲಾಂತರ್ಗಾಮಿಗಳ ಪಾಲು. ಆ ಹಡಗುಗಳಲ್ಲಿದ್ದವರೂ ಸಂಸಾರವಂದಿಗರೇ. ಅತ್ತ ಅಮೆರಿಕವೂ 52 ಜಲಾಂತರ್ಗಾಮಿಗಳನ್ನು ಕಳೆದುಕೊಂಡಿತು. ಸುಮಾರು 3,500 ನಾವಿಕರು ಹಿಂತಿರುಗಲಿಲ್ಲ.

ಟೋನಾನ್ ಮಾರು? ಅಂದು ಪಾರಾದ ಆ ಹಡಗನ್ನು 1944ರ ಫೆಬ್ರುವರಿಯಲ್ಲಿ ಟ್ರಕ್‌ನಲ್ಲೇ ಅಮೆರಿಕದ ವಿಮಾನಗಳು ಮುಳುಗಿಸಿದವು. 1951ರಲ್ಲಿ ಜಪಾನೀಯರು ಅದನ್ನು ಮೇಲೆತ್ತಿ ದುರಸ್ತಿ ಮಾಡಿ, ಮತ್ತೆ ತಿಮಿಂಗಿಲ ಬೇಟೆಗೆ ಕಳಿಸಿದರು.