ಬೆಚ್ಚಗಿನ ಕಡಲಲ್ಲೂ ಚಳಿ ಏಕೆ?

ಮಕ್ಕಳೇ, ಒಂದು ಸಣ್ಣ ಪ್ರಯೋಗ ಮಾಡೋಣ. ಎರಡು ಸ್ಟೀಲ್ ಲೋಟಗಳಿಗೆ ಸಮನಾಗಿ ಬಿಸಿನೀರು ಹಾಕಿಕೊಡಲು ದೊಡ್ಡವರನ್ನು ಕೇಳಿ. ಒಂದು ಲೋಟವನ್ನು ಮೇಜಿನ ಮೇಲಿಡಿ. ಇನ್ನೊಂದನ್ನು ತಣ್ಣೀರು ತುಂಬಿದ ಪಾತ್ರೆಯೊಳಗೆ ಇಡಿ. ಐದು ನಿಮಿಷ ಬಿಟ್ಟು ನೋಡಿದರೆ ಮೇಜಿನ ಮೇಲಿನ ಲೋಟ ಇನ್ನೂ ಬಿಸಿಯಾಗಿಯೇ ಇರುತ್ತದೆ, ಪಾತ್ರೆಯೊಳಗಿನದು ಆಗಲೇ ಆರಿರುತ್ತದೆ. ಗಾಳಿಗಿಂತ ನೀರಿನಲ್ಲಿ ಶಾಖ ಸುಮಾರು 25 ಪಟ್ಟು ಸಲೀಸಾಗಿ ಸಾಗುತ್ತದೆ. ಹಾಗಾಗಿ ನೀರು ಬಿಸಿಯನ್ನು ಬೇಗ ಸೆಳೆದುಕೊಳ್ಳುತ್ತದೆ.

ಉತ್ತರ ಕನ್ನಡದ ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಜನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಡೈವಿಂಗ್ ಮಾಡುತ್ತಾರೆ. ಕೈಯಿಟ್ಟರೆ ನೀರು ಹಿತವಾಗಿ ಬೆಚ್ಚಗಿರುತ್ತದೆ. ಆದರೂ ನಮ್ಮ ಮೈಯೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಕಡಲು 28 ಡಿಗ್ರಿ ಇದ್ದರೂ ನಮಗಿಂತ ತಂಪೇ! ಮುಕ್ಕಾಲು ಗಂಟೆ ಒಳಗಿದ್ದರೆ ಮೈ ನಡುಗಲು ಶುರುವಾಗಬಹುದು. ದೊಡ್ಡವರಿಗಿಂತ ಮಕ್ಕಳಿಗೆ ಚಳಿ ಬೇಗ ಹತ್ತುತ್ತದೆ. ಏಕೆಂದರೆ ಪುಟ್ಟ ಮೈಗೆ ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಶಾಖ ಹೊರಹೋಗುವ ದಾರಿಯೂ ಅಷ್ಟೇ ಹೆಚ್ಚು.

ಅದಕ್ಕೇ ಡೈವರ್‌ಗಳು ವೆಟ್‌ಸೂಟ್ ತೊಡುತ್ತಾರೆ. 1950ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದವರಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ ಮುಖ್ಯರು. ಇದರ ಬಟ್ಟೆಯ ಹೆಸರು ನಿಯೋಪ್ರೀನ್. ಅದೊಂದು ಬಗೆಯ ರಬ್ಬರ್. ಕತ್ತರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾವಿರಾರು ಪುಟಾಣಿ ಗುಳ್ಳೆಗಳು ಕಾಣುತ್ತವೆ. ಒಳಗೆ ಸಿಕ್ಕಿಬಿದ್ದ ಅನಿಲ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಐಸ್‌ಕ್ರೀಮ್ ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಯಲ್ಲೂ ನಡೆಯುವುದು ಇದೇ.

ಸೂಟಿನೊಳಗೆ ಸ್ವಲ್ಪ ನೀರು ನುಗ್ಗುತ್ತದೆ. ಸೂಟ್ ಮೈಗೆ ಅಂಟಿದಂತಿದ್ದರೆ ಆ ನೀರು ಅಲ್ಲೇ ನಿಂತು ಬೆಚ್ಚಗಾಗುತ್ತದೆ. ಸಡಿಲವಾಗಿದ್ದರೆ? ಕೈಕಾಲು ಆಡಿಸಿದಾಗಲೆಲ್ಲ ಹೊಸ ನೀರು ಒಳಬಂದು ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಅಣ್ಣನ ಸೂಟ್ ತಮ್ಮನಿಗೆ ಆಗದಿರುವುದು ಇದಕ್ಕೇ. ಆಳಕ್ಕಿಳಿದಂತೆ ಇನ್ನೊಂದು ಸಂಗತಿ ನಡೆಯುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಗುಳ್ಳೆಗಳು ಅಲ್ಲಿ ಕುಗ್ಗಿ, ಸೂಟ್ ತೆಳ್ಳಗಾಗಿ, ಅದರ ಕಾವು ಕಡಿಮೆಯಾಗುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಬೆಚ್ಚಗಿನ ಕಡಲಿಗೆ ಸಾಮಾನ್ಯವಾಗಿ 3 ಮಿಲಿಮೀಟರ್ ದಪ್ಪದ ಸೂಟ್ ಸಾಕು. ಬೇಗ ಚಳಿಯಾಗುವವರಿಗೆ, ಒಂದೇ ದಿನ ಹಲವು ಸಲ ಮುಳುಗುವವರಿಗೆ ಇನ್ನೂ ದಪ್ಪದ್ದು ಬೇಕಾಗಬಹುದು. ತೆಳುವಾದ ಲೈಕ್ರಾ ಅಂಗಿ ಅಷ್ಟೇನೂ ಬೆಚ್ಚಗಿಡದು. ಆದರೆ ಬಿಸಿಲಿನಿಂದ, ಹವಳದ ತರಚುಗಾಯದಿಂದ, ಜೆಲ್ಲಿಮೀನಿನ ಕುಟುಕಿನಿಂದ ಅದು ಚರ್ಮವನ್ನು ಕಾಯುತ್ತದೆ. ತೋಳು, ಕಾಲು ಪೂರ್ತಿ ಮುಚ್ಚುವ ಉಡುಪೇ ಒಳ್ಳೆಯದು.

ಎಷ್ಟೇ ಒಳ್ಳೆಯ ಸೂಟ್ ತೊಟ್ಟರೂ ಚಳಿಯಾದರೆ ಏನು ಮಾಡಬೇಕು? ನೀರಿನಡಿ ಮಾತಾಡಲಾಗದು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಹಾಕಿ ತೋಳುಗಳನ್ನು ಉಜ್ಜಿ ತೋರಿಸಿದರೆ ‘ನನಗೆ ಚಳಿ’ ಎಂದರ್ಥ. ಚಳಿಗೆ ಬೆರಳು ಮರಗಟ್ಟಿದರೆ ಬಕಲ್, ಗುಂಡಿಗಳನ್ನು ಸರಿಯಾಗಿ ಬಳಸಲಾಗದು. ಆದ್ದರಿಂದ ನಡುಕ ಹತ್ತುವ ಮೊದಲೇ ಜೊತೆಗಾರರಿಗೆ ಹೇಳಿ, ಎಲ್ಲರೂ ಒಟ್ಟಿಗೆ ನಿಧಾನವಾಗಿ ಮೇಲೆ ಬರುವುದೇ ಜಾಣತನ.